ಒಂಬತ್ತೂವರೆ ಸುತ್ತು

"ಪೆನ್ನು ಕೆಳಗಿಡಿ ಚಿಕ್ಕಪ್ಪ, ನಾನಿನ್ನೂ ಓದಿಲ್ಲ," ಎಂದು ಮಗಳು ಕಾಗದ ಕಿತ್ತುಕೊಂಡಳು.

ಅಪ್ಪನನ್ನು ನಡುಮನೆಯಲ್ಲಿ ಮಲಗಿಸಿದ್ದರು. ಬಾಗಿಲಲ್ಲಿ ಮಸಣಕ್ಕೊಯ್ಯುವ ಗಾಡಿ ಕಾಯುತ್ತಿತ್ತು. ಬೆಳಗಿನ ಜಾವ ತಿರುವಿನ ಅಂಗಡಿಯ ಮುಂದೆ ಎದೆ ಹಿಡಿದುಕೊಂಡು ಕುಸಿದು ಪ್ರಾಣ ಬಿಟ್ಟಿದ್ದ ಮುದುಕ. ಪೊಲೀಸರ ವರದಿಗೆ ಮನೆಯವರ ಸಹಿ ಬಿದ್ದರೆ ಹೊರಡುವುದೊಂದೇ ಬಾಕಿ. ಮಗಳು ದರ್ಜಿ, ಹೊಲಿಗೆ ನೋಡುವಂತೆ ಸಾಲು ಸಾಲಿಗೂ ಬೆರಳಿಟ್ಟು ಓದಿದಳು.

ಉದ್ಯೋಗ: ಇಲ್ಲ. ಬಳಿಯಲ್ಲಿದ್ದ ವಸ್ತು: ಅಂಗಡಿಯ ಬಾಗಿಲು ಮೀಟಲು ತಂದ ಕಬ್ಬಿಣದ ರಾಡು.

"ಯಾರ್ರೀ ಬರೆದಿದ್ದು ಇದನ್ನ?"

"ನಾನೇ ಕಣಮ್ಮ," ಎಂದ ದಫೇದಾರ. ರಾತ್ರಿಯ ಪಾಳಿ ಮುಗಿದರೂ ಮನೆಗೆ ಹೋಗಲಾಗದೆ ಕಣ್ಣು ಕೆಂಪಾಗಿತ್ತು. ಚೀಟಿ ಕಟ್ಟಿದ ಆ ರಾಡು ಅವನ ಪಕ್ಕದಲ್ಲೇ ಗೋಡೆಗೆ ಒರಗಿತ್ತು. "ಮುಚ್ಚಿದ ಅಂಗಡಿ, ಕತ್ತಲೆ, ಕೈಯಲ್ಲಿ ಇದು. ಇನ್ನೇನು ಬರೀಲಿ?"

"ನಮ್ಮಪ್ಪ ಕಳ್ಳ ಅಂತ ಬರೆದು ನನ್ನ ಸಹಿ ಬೇರೆ ಕೇಳ್ತೀರಾ? ಅದು ನೀರಿನ ವಾಲ್ವ್ ತಿರುಗಿಸೋ ಕೀಲಿ ಕಣ್ರೀ!"

ಚಿಕ್ಕಪ್ಪ ಅವಳ ತೋಳು ಹಿಡಿದು ಪಕ್ಕಕ್ಕೆಳೆದ. "ಬಾಯಿ ಮುಚ್ಚೇ. ಅಣ್ಣ ರಿಟೈರಾಗಿ ಆರು ವರ್ಷ ಆಯ್ತು. ವಾಲ್ವ್ ಮುಟ್ಟಿದ್ದೇ ತಪ್ಪಾಗುತ್ತೆ. ಹೋದವನಿಗೆ ಏನಂತೆ? ಸಹಿ ಹಾಕು."

"ಹೋದವರಿಗೆ ಏನೂ ಇಲ್ಲ, ನನಗಿದೆ. ಮುಟ್ಟಬಾರದ್ದು ಮುಟ್ಟಿದ ಅಂತ ಬರೀಲಿ, ಅದು ನಿಜ. ಕದಿಯೋಕೆ ಹೋಗಿದ್ದ ಅನ್ನೋದು ಹಸಿ ಸುಳ್ಳು."

"ಸಾಕ್ಷಿ ಬೇಕಮ್ಮ," ಎಂದ ದಫೇದಾರ.

"ಸಾಕ್ಷಿ ನಮ್ಮನೇಲಿದೆ, ಬನ್ನಿ," ಎಂದು ಮೂಲೆಯಲ್ಲಿ ಕೂತಿದ್ದ ಮೇಲಿನ ಬೀದಿಯ ಇಸ್ತ್ರಿ ಅಕ್ಕ ಎದ್ದಳು. "ಖಾಲಿ ಬಿಂದಿಗೆ. ಇವತ್ತು ಮೇಲಿನ ಬೀದಿಗೆ ಹನಿ ನೀರಿಲ್ಲ. ಯಾವತ್ತೂ ಹಿಂಗಾಗಿರಲಿಲ್ಲ."

*

ಮಗಳಿಗಾಗ ಏಳು ವರ್ಷ. ಊರಿಗೆ ನೀರು ಬಿಡುವ ಅಪ್ಪ ವಾಲ್ವಿನ ಗುಂಡಿಯ ಪಕ್ಕ ಮಂಡಿಯೂರಿ ಕೀಲಿ ತಿರುಗಿಸುತ್ತಾ ಎಣಿಸುತ್ತಿದ್ದ.

"ಒಂಬತ್ತೂವರೆ. ಅದಕ್ಕಿಂತ ಜಾಸ್ತಿ ಬಿಟ್ರೆ ಇಳಿಜಾರಿನವರೇ ಎಲ್ಲಾ ಕುಡಿದುಬಿಡ್ತಾರೆ, ಮೇಲಿನವರ ನಲ್ಲಿ ಬರೀ ಗಾಳಿ ಉಗುಳುತ್ತೆ. ಕಿವಿ ಇಡು ಇಲ್ಲಿ. ಹತ್ತುತಿದಾಳೆ, ಕೇಳಿಸ್ತಾ?"

ಕಬ್ಬಿಣ ತಣ್ಣಗಿತ್ತು. ಒಳಗೆ ಯಾರೋ ಅಜ್ಜಿ ಗೊಣಗುತ್ತಾ ಮೆಟ್ಟಿಲು ಹತ್ತಿದಂತೆ ನೀರಿನ ಸದ್ದು.

ಅಪ್ಪ ರಿಟೈರಾದ ಮೇಲೆ ಆ ಕೆಲಸಕ್ಕೆ ಬಂದವನು ವಾಲ್ವನ್ನು ಪೂರ್ತಿ ತಿರುಗಿಸಿ ಬೈಕು ಹತ್ತಿ ಹೋಗುತ್ತಿದ್ದ. ಹೇಳಲು ಹೋದರೆ, "ಮನೇಲಿ ಆರಾಮಾಗಿ ಕೂತ್ಕೊ ತಾತ" ಎಂದ. ಅಪ್ಪ ಕೂರಲಿಲ್ಲ. ದಿನಾ ಬೆಳಗಿನ ಜಾವ ಬೈಕಿನ ಸದ್ದು ಅಡಗಿದ ಮೇಲೆ ಕೀಲಿ ಹೆಗಲಿಗೇರಿಸಿ ಹೊರಟು, ವಾಲ್ವನ್ನು ಒಂಬತ್ತೂವರೆಗೆ ತಂದು ಬರುತ್ತಿದ್ದ.

*

ಮಗಳು ಕೀಲಿ ಎತ್ತಿಕೊಂಡು ತಿರುವಿಗೆ ನಡೆದಳು. ದಫೇದಾರ ಹಿಂದೆಯೇ ಬಂದ. ಅಂಗಡಿಯ ಮುಂದಿನ ಗುಂಡಿಗೆ ಕೀಲಿ ಇಳಿಸಿದಳು, ಕಚ್ಚಿ ಕೂತಿತು. ವಾಲ್ವನ್ನು ಪೂರ್ತಿ ಮುಚ್ಚಿ, ಎಣಿಸುತ್ತಾ ತೆರೆದಳು. ಒಂಬತ್ತು. ಇನ್ನರ್ಧ.

"ಕಿವಿ ಇಡಿ," ಎಂದಳು.

ದಫೇದಾರ ಅತ್ತಿತ್ತ ನೋಡಿ, ಟೋಪಿ ತೆಗೆದು ಮಂಡಿಯೂರಿದ. "ಏನೋ ಗೊಣಗ್ತಾ ಇದೆ."

"ಹತ್ತುತಿದಾಳೆ," ಎಂದು ಅವಳೂ ಕೀಲಿಗೆ ಕಿವಿ ಇಟ್ಟಳು.

ಸ್ವಲ್ಪ ಹೊತ್ತಿನಲ್ಲಿ ಮೇಲಿನ ಬೀದಿಯಿಂದ ಬಕೆಟ್ಟಿನ ಸದ್ದು ಬಂತು. ಆಮೇಲೆ ಇಸ್ತ್ರಿ ಅಕ್ಕನ ಕೂಗು: "ಬಂತೂ!"

ದಫೇದಾರ ತೊಡೆಯ ಮೇಲೆ ಕಾಗದವಿಟ್ಟು ಎರಡು ಸಾಲು ಹೊಡೆದುಹಾಕಿದ. "ವಾಲ್ವಿನ ಕೀಲಿ" ಎಂದು ಬರೆದು ಪಕ್ಕದಲ್ಲಿ ತನ್ನ ಸಹಿ ಹಾಕಿದ.

"ಉದ್ಯೋಗ ಏನಂತ ಬರೀಲಿ?"

"ನೀರು ಬಿಡೋದು."

"ಸಂಬಳ ಇಲ್ದೇನಾ?"

"ಉದ್ಯೋಗ ತಾನೇ ಕೇಳಿದ್ದು? ಸಂಬಳ ಕೇಳಿಲ್ವಲ್ಲ!"

ದಫೇದಾರ ಮೀಸೆಯಲ್ಲೇ ನಕ್ಕು ಬರೆದ. ಅವಳು ಇನ್ನೊಮ್ಮೆ ಓದಿ ಸಹಿ ಮಾಡಿದಳು. ಕೀಲಿಗೆ ಕಟ್ಟಿದ್ದ ಚೀಟಿಯನ್ನು ಅವನೇ ಹರಿದು ಜೇಬಿಗೆ ಹಾಕಿಕೊಂಡ.

ಅಪ್ಪನನ್ನು ಹೊತ್ತ ಗಾಡಿ ಮೇಲಿನ ಬೀದಿ ಹತ್ತಿತು. ಮಗಳ ಮಡಿಲಲ್ಲಿ ಕೀಲಿ ಇತ್ತು. ಗಾಡಿ ಹತ್ತಿರ ಬಂದಂತೆ ನಲ್ಲಿಯ ಮುಂದೆ ಕೂತವರು ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ಎದ್ದು ನಿಂತರು. ಬೀದಿಯುದ್ದಕ್ಕೂ ಒಂದೊಂದೇ ನಲ್ಲಿ ಸುಮ್ಮನಾಗುತ್ತಾ ಹೋಯಿತು. ತುದಿಯ ಮನೆಯ ಬಾಗಿಲಲ್ಲಿ ಬಿಂದಿಗೆ ಕಂಠದವರೆಗೂ ತುಂಬಿತ್ತು; ಅದರೊಳಗಿನ ಆಕಾಶ ಇನ್ನೂ ಅಲುಗಾಡುತ್ತಿತ್ತು.