ಮೊದಲು ಓಗೊಟ್ಟವರು

ಫ್ಯಾನುಗಳು ಮತ್ತೆ ಕೂಗೆಬ್ಬಿಸಿದವು, ಆರೂ ಸರ್ವರುಗಳದ್ದು ಒಟ್ಟಿಗೆ, ಆಮೇಲೆ ಒಂದೊಂದಾಗಿ ದನಿ ತಗ್ಗಿಸಿದವು, ಹೀಗೆ ತಗ್ಗಿತೆಂದರೆ ಯಂತ್ರಕ್ಕೆ ಎಚ್ಚರವಾಗಿದೆ ಅಂತ, ಇನ್ನೀಗ ಅದು ಕೇಳುತ್ತದೆ, ನಾನ್ಯಾರು, ನನ್ನ ಕೆಲಸ ಏನು — ಡಿಸ್ಕೇ ಇಲ್ಲದ ಸರ್ವರುಗಳು, ಒಂದೊಂದರ ಹೊಟ್ಟೆಯಲ್ಲೂ ಹತ್ತಿಪ್ಪತ್ತು ವರ್ಚುವಲ್ ಸರ್ವರುಗಳನ್ನು, ಅಂದರೆ ಮೈಯಿಲ್ಲದ ಬರೀ ತಂತ್ರಾಂಶದ ಸರ್ವರುಗಳನ್ನು, ಹೊರುವಂಥವು, ಆದರೆ ತಲೆಯಲ್ಲಿ ನಿನ್ನೆಯದೇನೂ ಉಳಿಯದು, ಪ್ರತಿಸಲ ಏಳುವಾಗಲೂ ನೆಟ್‌ವರ್ಕಿನಲ್ಲಿ ಕೂಗಿ, ಓಗೊಟ್ಟವರಿಂದ ವಿಳಾಸ, ತಂತ್ರಾಂಶ, ಹೆಸರು ಎಲ್ಲ ಇಸಿದುಕೊಂಡೇ ಕೆಲಸಕ್ಕೆ ಕೂರಬೇಕು. ಎರಡು ವರ್ಷದ ಹಿಂದೆ ನನ್ನ ಶಿಷ್ಯೆ, ಇದೇ ಹುಡುಗಿ, ಈ ಏರ್ಪಾಡು ವಿವರಿಸಿದಾಗ ನಾನು ನಕ್ಕಿದ್ದೆ, ಅಲ್ಲ ಕಣಮ್ಮಾ, ದಿನಾ ಬೆಳಿಗ್ಗೆ ಎದ್ದು ನನ್ನ ಹೆಸರೇನು ಅಂತ ಹೆಂಡತಿನ ಕೇಳೋ ಗಂಡನ್ನ ಕಟ್ಕೊಂಡು ಸಂಸಾರ ಮಾಡೋಕಾಗತ್ತಾ, ಅವಳೂ ನಕ್ಕಳು, ಹೆಂಡತಿ ಸರಿಯಾಗಿ ಹೇಳಿದ್ರೆ ಆಗತ್ತೆ ಸರ್ ಅಂದಳು. ಕೇಬಲ್ಲಿನ ತುದಿಗೆ ಪಿನ್ನು ಒತ್ತುವುದನ್ನು ಇವಳಿಗೆ ಕಲಿಸಿದವನು ನಾನು, ಎಂಟು ತಂತಿಗಳ ಬಣ್ಣ ಬಾಯಿಪಾಠ ಮಾಡಿಸಿದವನು ನಾನು, ಈಗ ಯಾವ ಸರ್ವರಿಗೆ ಯಾರು ಏನು ಹೇಳಬೇಕು ಅಂತ ನಿಯಮಗಳ ಪಟ್ಟಿಯನ್ನೇ ಬರೆದಿಟ್ಟಿದ್ದಾಳೆ, ಅದಕ್ಕೇ ರೂಲ್ಸಮ್ಮ ಅಂತ ಹೆಸರಿಟ್ಟೆ, ಹೊಟ್ಟೆಕಿಚ್ಚಿಗೇ ಇಟ್ಟೆ ಅಂತಿಟ್ಟುಕೊಳ್ಳಿ, ಯಾರು ಕೇಳುತ್ತಿದ್ದಾರೆ ಇಲ್ಲಿ, ನನ್ನ ತಲೆಯೊಳಗೆ ನಾನೇ ಅಲ್ಲವೇ.

ಆರರಲ್ಲಿ ಎರಡು ಎದ್ದವು, ನಾಲ್ಕು ಮತ್ತೆ ಅದೇ ಕಪ್ಪು ಪರದೆ. ಗಂಟೆ ಒಂಬತ್ತೂ ಇಪ್ಪತ್ತು. ಬೆಳಿಗ್ಗೆ ಕರೆಂಟು ಹೋಯಿತು, ಬ್ಯಾಟರಿಯೂ ಕೈಕೊಟ್ಟಿತು, ಹದಿನಾರೂ ಸರ್ವರುಗಳು ಮಲಗಿದವು, ಹತ್ತು ಆಗಲೇ ಎದ್ದವು, ಉಳಿದ ಆರರ ಜೊತೆ ಈ ಗುದ್ದಾಟ, ಹೊರಗೆ ಡಿಪೋದಲ್ಲಿ ಡ್ಯೂಟಿ ಚೀಟಿ ಸಿಗದೆ ಬಸ್ಸುಗಳು ಸಾಲಾಗಿ ನಿಂತಿವೆ, ಬಾಗಿಲಲ್ಲಿ ಡ್ರೈವರೊಬ್ಬ ಇಣುಕಿ, ಏನ್ ಸಾರ್, ನಿಮ್ ಗಾಡಿಗೂ ಸ್ಟಾರ್ಟಿಂಗ್ ಟ್ರಬಲ್ಲಾ, ನಾಲ್ಕು ಜನ ಬಂದು ತಳ್ಳಬೇಕಾ ಅಂದ, ಯಾರೂ ನಗಲಿಲ್ಲ, ಡಿಪೋ ಮ್ಯಾನೇಜರು ಇಲ್ಲೇ ನಿಂತಿದ್ದಾರಲ್ಲ. ಅವರು ನನ್ನನ್ನು ಪಕ್ಕಕ್ಕೆ ಕರೆದು, ಹತ್ತು ಗಂಟೆವರೆಗೆ ನೋಡ್ತೀನ್ರೀ, ಆಗ್ಲಿಲ್ಲಾಂದ್ರೆ ಈ ಹುಡುಗಿ ಮಾಡಿದ್ದೆಲ್ಲ ಕಿತ್ತುಹಾಕಿ, ನಿಮ್ ಹಳೇ ಥರಾನೇ ಒಂದೊಂದಕ್ಕೂ ಡಿಸ್ಕ್ ಹಾಕಿ ಕೂರಿಸಿಬಿಡಿ, ಇವಳಿಗೆ ಬೇರೆ ಸೆಕ್ಷನ್ ನೋಡೋಣ ಅಂದರು. ಎರಡು ವರ್ಷದಿಂದ ಯಾವ ಮಾತು ಕೇಳಬೇಕೆಂದು ಕಿವಿ ಕಾದಿತ್ತೋ ಅದೇ ಮಾತು, ಕೇಳಿದರೆ ಯಾಕೋ ಹಿಗ್ಗಾಗಲಿಲ್ಲ, ಏಕೆಂದರೆ ಅಷ್ಟರಲ್ಲಿ ಅವಳು, ಚೆನ್ನಾಗಿ ಎದ್ದು ಓಡುತ್ತಿದ್ದ ಮೂರನೆಯ ಸರ್ವರನ್ನು, ಮ್ಯಾನೇಜರ ಕಣ್ಣೆದುರಿಗೇ, ಆಫ್ ಮಾಡಿಬಿಟ್ಟಳು. ಅಯ್ಯೋ, ನೆಟ್ಟಗಿರೋದನ್ನ ಯಾಕಮ್ಮಾ ಬೀಳಿಸ್ತೀಯಾ ಅಂದೆ, ಇದೂ ಬೀಳತ್ತಾ ನೋಡ್ಬೇಕು ಸರ್ ಅಂದಳು — ಏನು ಗುಂಡಿಗೆ! ನಾನಾಗಿದ್ದರೆ ಏಳದೆ ಬಿದ್ದಿದ್ದನ್ನೇ ಬಿಚ್ಚಿ ಹರವಿಕೊಂಡು ಸಂಜೆವರೆಗೆ ಬೆವರು ಸುರಿಸುತ್ತಿದ್ದೆ, ನೆಟ್ಟಗಿರುವುದನ್ನು ಅನುಮಾನಿಸಬೇಕು ಅಂತ ಮೂವತ್ತು ವರ್ಷದಲ್ಲಿ ಒಂದು ದಿನವೂ ಹೊಳೆದಿಲ್ಲ. ಫ್ಯಾನು ಕೂಗಿತು, ತಗ್ಗಿತು, ಕಪ್ಪು ಪರದೆ, ಬಿತ್ತು. ಮ್ಯಾನೇಜರು, ಸರಿ ಹೋಯ್ತು, ಇದ್ದಿದ್ದೂ ಹೋಯ್ತು ಅಂದರು, ಅವಳ ಮುಖದಲ್ಲಿ ಮಾತ್ರ ಸಂತೋಷ, ಹಾಗಾದ್ರೆ ಸರ್ವರ್‌ದೂ ತಪ್ಪಲ್ಲ, ನನ್ನ ನಿಯಮಗಳ್ದೂ ತಪ್ಪಲ್ಲ ಸರ್, ಬಿದ್ದಿರೋದು ಯಾವುದು ಬೇಕಾದ್ರೂ ಏಳತ್ತೆ, ಎದ್ದಿರೋದು ಯಾವುದು ಬೇಕಾದ್ರೂ ಬೀಳತ್ತೆ. ಒಂದು ಹಾಳೆಯಲ್ಲಿ ಗೆರೆ ಎಳೆದು ಆಚೆ ಈಚೆ ಬರೆಯತೊಡಗಿದಳು, ಎದ್ದವುಗಳ ವಿಳಾಸ ಹತ್ತರಿಂದ ಶುರು, ಹತ್ತು, ಹತ್ತು, ಹತ್ತು, ಬಿದ್ದವುಗಳದ್ದು, ಕಪ್ಪು ಪರದೆಯ ಮೂಲೆಯಲ್ಲಿ ಕಂಡಿದ್ದು, ನೂರ ತೊಂಬತ್ತೆರಡು, ನೂರ ತೊಂಬತ್ತೆರಡು — ನಮ್ಮದಲ್ಲ ಈ ನಂಬರು, ಸರ್ವರ್ ಕೂಗಿದ್ದಕ್ಕೆ ನಮ್ಮೋರಿಗಿಂತ ಮೊದಲು ಇನ್ಯಾರೋ ಓಗೊಡ್ತಿದಾರೆ ಸರ್, ವಿಳಾಸ ಕೊಡ್ತಾರೆ, ಮುಂದೆ ಎಲ್ಲಿಗೆ ಹೋಗ್ಬೇಕು ಅಂತ ಹೇಳಲ್ಲ, ಪಾಪ, ಇವು ಮೊದಲು ಓಗೊಟ್ಟವರನ್ನೇ ನಂಬ್ಕೊಂಡು ಕೂತುಬಿಡ್ತವೆ.

ನೂರ ತೊಂಬತ್ತೆರಡು. ಎಲ್ಲಿ ನೋಡಿದ್ದೇನೆ ಈ ನಂಬರು, ಎಲ್ಲಿ ಅಂದರೆ ಮನೆಯಲ್ಲಿ, ಅಲಮಾರಿನ ಮೇಲೆ ಧೂಳು ಹಿಡಿದು ಕೂತಿದ್ದ ಹಳೇ ವೈಫೈ ಪೆಟ್ಟಿಗೆಯ ಬೆನ್ನ ಮೇಲೆ, ಒಂದು ಗಂಟೆಗೆ ಫೋನ್ ಮಾಡಿದ್ರೆ ಸಿಗಲ್ಲ, ಯಾವ ಗುಹೇಲಿ ಕೂತಿರ್ತೀರಿ ಅಂತ ನಮ್ಮವಳು ದಿನಾ ರಾಗ ಎಳೆಯುತ್ತಿದ್ದಳು, ಈ ಕೋಣೆಯಲ್ಲಿ ಸಿಗ್ನಲ್ ಬರುವುದಿಲ್ಲ, ಶನಿವಾರ ಆ ಪೆಟ್ಟಿಗೆ ತಂದು ಮೇಜಿನ ಕೆಳಗೆ ಸಿಕ್ಕಿಸಿದೆ, ಅಂದೇ ಡಬ್ಬಿ ಬಿಚ್ಚುವಾಗ ನಮ್ಮವಳ ಫೋನ್ ಬಂತು, ಊಟ ಆಯ್ತಾ ಅಂತ ಕೇಳಿದಳು, ಆಯ್ತು ಅಂದೆ, ಅಷ್ಟೇ, ಅಷ್ಟಕ್ಕೆ, ಕೂಗಿದವರಿಗೆಲ್ಲ ವಿಳಾಸ ಹಂಚುವುದು ಆ ಪೆಟ್ಟಿಗೆಯ ಹುಟ್ಟುಗುಣ ಅನ್ನೋದು ನೆನಪೇ ಆಗಲಿಲ್ಲ. ಅಂದಿನಿಂದ ಯಾವ ಸರ್ವರೂ ಮಲಗಿ ಎದ್ದಿರಲಿಲ್ಲ, ಅದಕ್ಕೇ ಇವತ್ತಿನವರೆಗೆ ತಿಳಿಯಲಿಲ್ಲ. ಕಾಲಿನ ಪಕ್ಕದಲ್ಲಿ ಹಸಿರು ದೀಪ, ಮಿನುಗಿ, ಆರಿ, ಮಿನುಗಿ. ಅವಳು ಎಲ್ಲ ಕೇಬಲ್ಲುಗಳು ಬಂದು ಸೇರುವ ಸ್ವಿಚ್ಚಿನಿಂದ, ಪಟ್ಟಿಯಲ್ಲಿಲ್ಲದ ಒಂದು ಕೇಬಲ್ಲನ್ನು ಬೆರಳಲ್ಲಿ ಹಿಡಿದುಕೊಂಡೇ ಬರುತ್ತಿದ್ದಾಳೆ, ಗೋಡೆ, ಕಪಾಟು, ನನ್ನ ಮೇಜು, ಬಗ್ಗಿದಳು, ನೋಡಿದಳು, ನನ್ನ ಊಟದ ಡಬ್ಬಿಯನ್ನೂ ನೋಡಿದಳು, ಎದ್ದು ನಿಂತು, ಯಾವುದೋ ಹಳೇ ಪೆಟ್ಟಿಗೆ ಸರ್, ಯಾರೋ ಗೊತ್ತಿಲ್ದೆ ಹಾಕಿರ್ಬೇಕು ಅಂದಳು, ನನ್ನ ಕಡೆ ತಿರುಗಲೇ ಇಲ್ಲ. ಮ್ಯಾನೇಜರು ಬಿಡುತ್ತಾರೆಯೇ, ಯಾರೋ ಏನ್ರೀ ಯಾರೋ, ನಿಮ್ ಕೋಣೆ, ನಿಮ್ ವ್ಯವಸ್ಥೆ, ಯಾವನೋ ಬಂದು ಏನೋ ಸಿಕ್ಕಿಸಿದ್ರೆ ಬಿದ್ದುಹೋಗೋದನ್ನ ಇಟ್ಕೊಂಡು ನಾನೇನ್ ಮಾಡ್ಲಿ, ಕಿತ್ತುಹಾಕಿ ಎಲ್ಲಾನೂ. ಸುಮ್ಮನಿದ್ದರೆ ಸಾಕಿತ್ತು ನಾನು, ನನ್ನ ಡಿಸ್ಕುಗಳು, ನನ್ನ ಕಾಲ, ಎಲ್ಲ ತಿರುಗಿ ಬರುತ್ತಿತ್ತು. ಮ್ಯಾನೇಜರು ಕೋಣೆಗೆಲ್ಲ ಕೇಳುವಂತೆ, ಯಾರ್ದ್ರೀ ಇದು ಅಂದರು.

ನಂದು. ಫ್ಯಾನಿನ ಸದ್ದಲ್ಲಿ ನನಗೇ ಕೇಳಿಸಲಿಲ್ಲ. ನಂದು ಸರ್, ಅಂದೆ ಗಟ್ಟಿಯಾಗಿ, ನಾನೇ ತಂದು ಹಾಕಿದ್ದು, ಹುಡುಗಿ ಮಾಡಿದ್ದರಲ್ಲಿ ಒಂದು ಕೂದಲೆಳೆ ತಪ್ಪಿಲ್ಲ, ಅದನ್ನ ಮುಟ್ಟಬೇಡಿ. ಬಗ್ಗಿ ಕೇಬಲ್ ಕಿತ್ತೆ. ಅವಳು ಐದು ಸರ್ವರುಗಳನ್ನೂ ಮತ್ತೆ ಎಬ್ಬಿಸಿದಳು, ಕೂಗು, ತಗ್ಗು, ಹತ್ತು, ಹತ್ತು, ಹತ್ತು, ಹತ್ತು, ಹತ್ತು, ಹೊರಗೆ ಯಾವುದೋ ಬಸ್ಸು ಸ್ಟಾರ್ಟಾಯಿತು, ಮ್ಯಾನೇಜರು ಏನೋ ಅನ್ನುತ್ತಿದ್ದಾರೆ ನನಗೆ, ಅನ್ನಲಿ, ಅವಳು ನನ್ನ ಪಕ್ಕದಲ್ಲಿ ಮೆಲ್ಲಗೆ, ಒಂದು ಗಂಟೆಗೆ ಆಂಟಿ ಜೊತೆ ಮಾತಾಡೋಕೆ ಬೇರೆ ಲೈನ್ ಎಳ್ಕೊಡ್ತೀನಿ ಸರ್ ಅಂದಳು — ಗೊತ್ತಿತ್ತು ಇವಳಿಗೆ, ಬಗ್ಗಿದಾಗಲೇ ಗೊತ್ತಿತ್ತು — ನನ್ನ ಕೈಯಲ್ಲಿ ಪೆಟ್ಟಿಗೆ, ಕೇಬಲ್ ಕಿತ್ತರೂ ಕರೆಂಟು ಇದ್ದೇ ಇದೆ ಅದಕ್ಕೆ, ಯಾರೂ ಕೂಗದಿದ್ದರೂ ಹಸಿರು ದೀಪ, ಮಿನುಗಿ, ಆರಿ, ಮಿನುಗಿ