ಅಪ್ಪನ ಯಂತ್ರಕ್ಕೆ ಮರಳಿ ದನಿ

ನಾಲ್ಕು ಗಂಟೆಗೆ ಡಾಕ್ಟರು ಫೋನ್ ಮಾಡುವವರಿದ್ದರು. ಎರಡನೇ ಆಪರೇಷನ್ ಬೇಕೋ ಬೇಡವೋ ಎಂಬುದನ್ನು ಅಪ್ಪನೇ ಹೇಳಬೇಕು ಎಂದಿದ್ದರು. ಮೊದಲ ಆಪರೇಷನ್ನಿನಲ್ಲೇ ಅಪ್ಪನ ದನಿ ಹೋಗಿತ್ತು. ಅವರು ಒಂದು ಬೆರಳಲ್ಲಿ ಒತ್ತಿದ್ದನ್ನು ಗಟ್ಟಿಯಾಗಿ ಓದುತ್ತಿದ್ದದ್ದು ಅಂಗೈಯಗಲದ ಒಂದು ಪುಟ್ಟ ಕಂಪ್ಯೂಟರ್, ಲಿನಕ್ಸ್ ಹಾಕಿದ ಯಂತ್ರ. ಅತ್ತಿಗೆ ಬಿಡಿಭಾಗ ತಂದು ಜೋಡಿಸಿದ್ದು. ಹಿಂದಿನ ದಿನ ಅದು ಅಪ್‌ಡೇಟ್ ಮಾಡಲೇ ಎಂದು ಕೇಳಿತು, ಅಪ್ಪ ಹೂಂ ಒತ್ತಿದರು. ಆಮೇಲೆ ಅದೂ ಮೂಕ.

ಅತ್ತಿಗೆ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರಗಳ ಮೆಕ್ಯಾನಿಕ್. ಬೆಳಿಗ್ಗೆಯೇ ಬಂದು ಅಡುಗೆಮನೆಯ ಮೇಜಿಗೆ ಕೂತಳು. ಓದಿ ಹೇಳುವ ತಂತ್ರಾಂಶವನ್ನು ಅದರ ಮೂಲ ಬರಹದಿಂದ ಆ ಯಂತ್ರದೊಳಗೇ ಹೊಸದಾಗಿ ಕಟ್ಟಬೇಕಂತೆ; ಮುನ್ನೂರು ಚಿಲ್ಲರೆ ಫೈಲುಗಳು. ಅಣ್ಣ ಬಾಗಿಲಲ್ಲಿ ನಿಂತು, ಇಷ್ಟೆಲ್ಲ ಯಾಕೆ, ಅಪ್ಪನ ಪರವಾಗಿ ತಾನೇ ಹೂಂ ಅಂದರಾಯಿತು ಎಂದ. ಅವಳು ತಲೆಯೆತ್ತದೆ, "ಆಪರೇಷನ್ನೂ ನೀವೇ ಮಾಡಿಸ್ಕೊಳ್ಳಿ ಹಾಗಾದ್ರೆ" ಎಂದಳು.

ಮೊದಲ ಸಲ ಯಂತ್ರ ನಲವತ್ತನೇ ಫೈಲಿಗೆ ಕೈಚೆಲ್ಲಿತು. ನಾಲ್ಕು ಫೈಲು ಒಟ್ಟಿಗೆ ಕೊಟ್ಟರೆ ಪಾಪ ಅದರ ಮೆಮೊರಿ ಎಲ್ಲಿ ಸಾಲುತ್ತೆ ಎಂದು ಒಂದೊಂದೇ ಕೊಟ್ಟಳು, ವೈಫೈಯನ್ನೂ ಆರಿಸಿದಳು. ಅಷ್ಟರಲ್ಲಿ ಕಾರ್ಖಾನೆಯಿಂದ ಕರೆ ಬಂತು. ಕಟ್ಟುವುದು ನಡುವೆ ನಿಂತರೆ ಯಾವ ಆಜ್ಞೆ ಕೊಡಬೇಕೆಂದು ನನಗೆ ಬರೆದುಕೊಟ್ಟು ಹೋದಳು.

ಹತ್ತು ನಿಮಿಷಕ್ಕೆ ಪರದೆ ಕಪ್ಪಾಯಿತು. ಯಂತ್ರ ನಿಂತೇಹೋಯಿತು ಅಂದುಕೊಂಡೆ. ಬ್ಯಾಟರಿ ತೆಗೆದು, ಹಾಕಿ, ಬರೆದುಕೊಟ್ಟದ್ದನ್ನು ಒತ್ತಿದೆ. ಮತ್ತೆ ಕಪ್ಪಾಯಿತು, ಮತ್ತೆ ತೆಗೆದೆ. ಮಧ್ಯಾಹ್ನದೊಳಗೆ ಐದು ಸಲ.

ಅವಳು ಬಂದು ನೋಡಿದರೆ ಕಟ್ಟಿದ್ದ ಫೈಲುಗಳನ್ನೇ ಯಂತ್ರ ಮತ್ತೆ ಕಟ್ಟುತ್ತಿತ್ತು. ನಾನಾಗಿದ್ದರೆ ಅತ್ತುಬಿಡುತ್ತಿದ್ದೆ. ಅವಳು ಪರದೆಯ ಕೊನೆಯ ಸಾಲುಗಳನ್ನು ಬಿಟ್ಟು ಮೇಲಕ್ಕೆ, ಮೊಟ್ಟಮೊದಲ ಎಚ್ಚರಿಕೆಯವರೆಗೆ ಹೋದಳು. ದಾರ ಕಡಿದರೆ ಸೂಜಿಯನ್ನು ಬೈಯಬಾರದು, ದಾರ ಬಂದ ದಾರಿ ನೋಡಬೇಕು ಎಂಬುದು ಅವಳ ಮಾತು. ಅಲ್ಲೊಂದು ಸಾಲಿತ್ತು: ಈ ಫೈಲಿನ ತಾರೀಖು ಇನ್ನೂ ಬಂದಿಲ್ಲ.

"ಬ್ಯಾಟರಿ ತೆಗೆದ್ಯಾ?" ಎಂದಳು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಪರದೆ ಕಪ್ಪಾಯಿತು ಎಂದೆ. ಅದು ನಿದ್ದೆ ಮಾಡಿತ್ತು ಅಷ್ಟೇ, ಒಳಗೆ ಕೆಲಸ ನಡೆದೇ ಇತ್ತು ಎಂದಳು. ಬ್ಯಾಟರಿ ತೆಗೆದಾಗಲೆಲ್ಲ ಯಂತ್ರದ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು. ಈಗಷ್ಟೇ ಕಟ್ಟಿದ್ದಕ್ಕೂ ಹಳೇ ತಾರೀಖು ಬೀಳುತ್ತಿತ್ತು; ಮೂಲ ಬರಹಕ್ಕಿಂತ ಇದು ಹಳತು ಎಂದು ಅದು ಮತ್ತೆ ಕಟ್ಟುತ್ತಿತ್ತು. ವೈಫೈ ಇದ್ದಿದ್ದರೆ ಗಡಿಯಾರ ತಾನೇ ಸರಿಹೋಗುತ್ತಿತ್ತಂತೆ. "ಅದನ್ನ ಆರಿಸಿದ್ದು ನಾನು. ಅರ್ಧ ತಪ್ಪು ನಂದು ಬಿಡು."

ಗಡಿಯಾರ ತಿದ್ದಿದಳು. ಅರ್ಧಕ್ಕೆ ನಿಂತಿದ್ದ ಫೈಲುಗಳನ್ನು ಅಳಿಸಿ, ಪೂರ್ತಿಯಾದವಕ್ಕೆಲ್ಲ ಇವತ್ತಿನ ತಾರೀಖು ಹಾಕಿದಳು. ನನ್ನ ಬೆಳಗಿನ ಗಾಬರಿಯಲ್ಲೂ ಉಳಿಸಿಕೊಳ್ಳುವಂಥದ್ದು ಇತ್ತೆಂದು ನಾನು ಎಣಿಸಿರಲಿಲ್ಲ. ಆಮೇಲೆ ಅವಳು ಕೈಕಟ್ಟಿ ಕೂತಳು. ಹಾಗೆ ಸುಮ್ಮನೆ ಕೂರುವುದು ಎಂಥ ವಿದ್ಯೆ ಎಂದು ನನಗೆ ಆಗ ತಿಳಿಯಿತು. ನಾಲ್ಕಕ್ಕೆ ಎಂಟು ನಿಮಿಷ ಇರುವಾಗ ಕೊನೆಯ ಫೈಲು ಮುಗಿಯಿತು.

ಫೋನ್ ಬಂತು. ಅಣ್ಣ ಸ್ಪೀಕರ್ ಹಾಕಿ, ಅಪ್ಪ ಒಪ್ಪಿದ್ದಾರೆ ಎಂದು ಶುರುಮಾಡಿದ. ಅತ್ತಿಗೆ ಅವನ ತೋಳು ಮುಟ್ಟಿದಳು. ಅಪ್ಪ ಒತ್ತುತ್ತಿದ್ದರು. ಡಾಕ್ಟರು ಎರಡು ಸಲ ಹಲೋ ಎಂದರು, ಆದರೂ ಅಪ್ಪ ಅವಸರ ಮಾಡಲಿಲ್ಲ.

"ನಾನು ರೋಗಿ ಮಾತಾಡ್ತಿದೀನಿ," ಎಂದಿತು ಯಂತ್ರ. "ಇದಾದ ಮೇಲೆ ಬಾಯಲ್ಲಿ ಊಟ ಮಾಡ್ತೀನಾ? ಮಗಳನ್ನ ಕೇಳಿದ್ರೆ ಮಾತು ಬದಲಿಸ್ತಾಳೆ."

ಉತ್ತರ ನನಗೆ ಗೊತ್ತಿತ್ತು. ಹದಿನೈದು ದಿನದಿಂದ ಬಚ್ಚಿಟ್ಟುಕೊಂಡಿದ್ದೆ. ಡಾಕ್ಟರು ಗಂಟಲು ಸರಿಮಾಡಿಕೊಂಡು, ಅಪ್ಪನಿಗೇ ಹೇಳತೊಡಗಿದರು.