ಗೊಮ್ಮಟನನ್ನು ಯಾರೂ ಕೆಡವುವುದಿಲ್ಲ

ತೀರಿಕೊಂಡ ಗಂಡ ವಿಠಲನ ಹಣೆಗೆ ಗಂಧ ಇಡುತ್ತಿದ್ದ ಕುಶಲಾಳ ಕೈಯನ್ನು ಜಿತೇಶ್ ತಡೆದ.

"ಇನ್ನೊಮ್ಮೆ ಇಡಿ ಮಾಮಿ. ಕ್ಯಾಮೆರಾ ಆನ್ ಆಗಿರಲಿಲ್ಲ."

ಕುಶಲಾ ಇನ್ನೊಮ್ಮೆ ಇಟ್ಟಳು. ಮಗಳು ವಿಜೇತಾ ಕುವೈಟಿನಲ್ಲಿ ನರ್ಸು, ರಜೆ ಸಿಕ್ಕಿರಲಿಲ್ಲ. ಅಪ್ಪನ ಕೊನೆಯ ಕೆಲಸವೆಲ್ಲ ವಿಡಿಯೋ ಆಗಬೇಕು, ಅದೂ ಅಪ್ಪನದೇ ಕ್ಯಾಮೆರಾದಲ್ಲಿ ಎಂದು ಫೋನಿನಲ್ಲಿ ಅತ್ತಿದ್ದಳು. ವಿಠಲನ ತಂಗಿಯ ಮಗ ಜಿತೇಶ್ ಬೆಳಗ್ಗಿನಿಂದ ಅದನ್ನು ಹಿಡಿದುಕೊಂಡು ಅಂಗಳವಿಡೀ ಓಡಾಡುತ್ತಿದ್ದ.

"ಬಸ್ಸಲ್ಲಿ ಮುಂದೆ ಹೋಗಿ, ಮುಂದೆ ಹೋಗಿ ಅಂತ ಎಲ್ಲರನ್ನೂ ತಳ್ಳುತ್ತಿದ್ದ ಕಂಡಕ್ಟರು," ಎಂದಳು ನೆರೆಮನೆಯ ಗುಣವತಿ, ಮೂಗು ಒರೆಸಿಕೊಳ್ಳುತ್ತಾ. "ಈಗ ಅವರೇ ಮುಂದೆ ಹೋದರು ನೋಡಿ." ಒಬ್ಬಿಬ್ಬರು ಅಳುತ್ತಲೇ ನಕ್ಕರು.

ಆಗ ಕಾನ್ಸೆಪ್ಟಾ ಬಾಯಿ ಬಂದಳು. ಅಲ್ಲೇ ಉದ್ಯಾವರದ ಹೆದ್ದಾರಿ ಬದಿಯ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿದು ಬದುಕುವವಳು. ಹೂ ಹಾಕಿ ಕೈಮುಗಿದ ಮೇಲೂ ಹೋಗದೆ ನಿಂತಳು. ಕೈಯಲ್ಲಿ ಒಂದು ಕಾಗದ.

"ಕುಶಲಕ್ಕ, ಇವತ್ತು ಕೇಳಬಾರದು. ಆದರೆ ನಾಳೆ ಕೇಳಿ ಪ್ರಯೋಜನ ಇಲ್ಲ."

"ಎಂತ, ಹೇಳಿ."

"ಮೂರು ಗಂಟೆಗೆ ಜೇಸಿಬಿ ಬರ್ತದೆ. ನಮ್ಮ ಮುಂದಿನ ಕೋಣೆ ಹೆದ್ದಾರಿ ಅಗಲ ಮಾಡುವ ನೋಟೀಸು ಬಂದ ಮೇಲೆ ಕಟ್ಟಿದ್ದು ಅಂತ ಬರೆದಿದ್ದಾರೆ. ನನ್ನ ಅಪ್ಪ ಕಟ್ಟಿದ ಕೋಣೆ ಅದು. ತಾರೀಕು ಇರುವ ಹಳೇ ಫೋಟೋ ತೋರಿಸಿದರೆ ನಿಲ್ಲಿಸ್ತೇನೆ ಅಂದ ಸಾಹೇಬ. ವಿಠಲಣ್ಣ ತೆಗೆದಿದ್ದರು, ನಾನು ಬಾಗಿಲಲ್ಲೇ ನಿಂತು ನೋಡಿದ್ದೆ. ನಿನ್ನೆ ಸಂಜೆ ಕೇಳಿದ್ದಕ್ಕೆ, ನಾಳೆ ಕೊಡ್ತೇನೆ ಬಾಯಿ ಅಂದಿದ್ದರು."

ಇವತ್ತೇ ಆ ನಾಳೆ.

*

ಕಾಪುವಿನಿಂದ ಉಡುಪಿ, ಮಣಿಪಾಲ ದಾಟಿ ಕಾರ್ಕಳಕ್ಕೆ ಹೋಗುವ ಸರ್ವಿಸ್ ಬಸ್ಸಿನಲ್ಲಿ ವಿಠಲ ಮೂವತ್ತೊಂದು ವರ್ಷ ಕಂಡಕ್ಟರ್. ಒಂದು ದಿನ ಮನೆಗೆ ಬಂದವನು ಊಟ ಮುಟ್ಟಲಿಲ್ಲ.

"ಇವತ್ತು ಹೆಂಚಿನ ಮಿಲ್ಲು ಅಂತ ಕೂಗಿದೆ. ಒಬ್ಬಳು ಅಜ್ಜಿ ಇಳಿದಳು, ಅತ್ತಿತ್ತ ನೋಡಿದಳು, ಪುನಃ ಬಸ್ಸು ಹತ್ತಿದಳು. ಮಿಲ್ಲೇ ಇಲ್ಲ ಅಲ್ಲಿ. ಇಲ್ಲದ್ದರ ಹೆಸರು ಕೂಗಿಕೊಂಡು ತಿರುಗ್ತಾ ಇದ್ದೇನೆ ಕುಶಲಾ."

ಮಾರನೆಯ ವಾರ ಕ್ಯಾಮೆರಾ ಬಂತು. ಫೋಟೋದ ಮೂಲೆಯಲ್ಲಿ ತಾರೀಕು ಬೀಳುವಂಥದ್ದು. ಅಂದಿನಿಂದ ಒಂಬತ್ತು ವರ್ಷ, ದಾರಿಬದಿಯಲ್ಲಿ ನಾಳೆ ಇರುತ್ತದೋ ಇಲ್ಲವೋ ಅನ್ನಿಸಿದ ಕಟ್ಟಡ, ದಿನಕ್ಕೊಂದು. ಬನ್ನಂಜೆಯ ಉಪ್ಪರಿಗೆ ಮನೆ, ಅಜೆಕಾರಿನ ಕಿರಾಣಿ ಅಂಗಡಿ, ಉದ್ಯಾವರದಲ್ಲಿ ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚು. ನಿವೃತ್ತಿಯಾದ ಮೇಲೆ ಅದಕ್ಕೆಂದೇ ಬಸ್ಸು ಹತ್ತಿ ಹೋಗುತ್ತಿದ್ದ.

"ದಿನಾ ಕಾರ್ಕಳಕ್ಕೆ ಹೋಗ್ತೀರಿ, ಗೊಮ್ಮಟನದ್ದು ಒಂದು ಫೋಟೋ ಇಲ್ಲ. ಕಾಪುವಿನ ಲೈಟ್‌ಹೌಸಿನದ್ದೂ ಇಲ್ಲ. ಯಾರ್ಯಾರದೋ ಗೋಡೆ," ಎಂದು ಅವಳು ಹಂಗಿಸಿದ್ದಳು.

"ಗೊಮ್ಮಟನನ್ನು ಯಾರೂ ಕೆಡವುವುದಿಲ್ಲ ಮಾರಾಯ್ತಿ."

*

"ಜಿತೇಶಾ, ಕ್ಯಾಮೆರಾ ತಾ. ಮಾಮ ತೆಗೆದ ಫೋಟೋ ಬೇಕು."

ಜಿತೇಶ್ ಕೊಡಲಿಲ್ಲ. ಎದೆಗೆ ಒತ್ತಿಕೊಂಡ.

"ಕಾರ್ಡ್ ಫುಲ್ ಅಂತ ಬರ್ತಿತ್ತು ಮಾಮಿ. ತೆಗೆದು ನೋಡಿದೆ. ಒಂದರಲ್ಲೂ ನಮ್ಮವರೇ ಇಲ್ಲ. ಬರೀ ಗೋಡೆ, ಬಾಗಿಲು. ಬೇಡದ್ದು ಅಂತ..."

"ಅಂತ?"

"ಎಲ್ಲ ಅಳಿಸಿದೆ."

ಮಣಿಪಾಲದ ಅಂಗಡಿಯೊಂದಕ್ಕೆ ಅವನೇ ಫೋನು ಮಾಡಿದ. ಎರಡು ದಿನ ಬೇಕು, ಮೇಲೆ ವಿಡಿಯೋ ತೆಗೆದಿದ್ದರೆ ಸಿಗುವುದು ಕಷ್ಟ ಎಂದಿತು ಆ ಕಡೆಯ ದನಿ. ಮೂರು ಸಾವಿರಕ್ಕೂ ಹೆಚ್ಚು ಗೋಡೆಗಳು ಮತ್ತೊಮ್ಮೆ ಬಿದ್ದಿದ್ದವು. ಈ ಸಲ ಧೂಳೂ ಏಳಲಿಲ್ಲ.

ಕಾನ್ಸೆಪ್ಟಾ ಬಾಯಿ ಕಾಗದವನ್ನು ಮಡಚಿದಳು, ಮಡಚಿದ್ದನ್ನು ಮತ್ತೆ ಮಡಚಿದಳು. "ಇರಲಿ ಮಗಾ, ನಿನಗೆ ಹೇಗೆ ಗೊತ್ತಾಗಬೇಕು," ಎಂದಳು. ಜಿತೇಶ್ ಗೋಡೆಗೆ ಮುಖ ಮಾಡಿ ನಿಂತ.

ಎರಡೂವರೆಗೆ ಗಂಡಸರು ಚಟ್ಟ ಎತ್ತಿದರು. ಸ್ಮಶಾನಕ್ಕೆ ಹಿತ್ತಲಿನ ಗದ್ದೆದಾರಿ ಹತ್ತಿರ.

"ಆ ದಾರಿ ಬೇಡ," ಎಂದಳು ಕುಶಲಾ. "ಹೆದ್ದಾರಿಯಲ್ಲಿ ಹೋಗಿ. ನಾನೂ ಬರ್ತೇನೆ."

"ಹೆಂಗಸರು ಹೋಗುವ ಕ್ರಮ ಇಲ್ಲ ಕುಶಲಾ," ಗುಣವತಿ ಅವಳ ತೋಳು ಹಿಡಿದಳು.

"ಬಾಗಿಲಲ್ಲಿ ಜನ ನಿಂತಿರುವಾಗ ಮನೆ ಕೆಡವುವ ಕ್ರಮ ಉಂಟಾ?"

ಗುಣವತಿಯ ಕೈ ಸಡಿಲವಾಯಿತು.

ಕಾನ್ಸೆಪ್ಟಾ ಬಾಯಿಯ ಮನೆಯೆದುರು ಜೇಸಿಬಿ ಆಗಲೇ ಬಂದು ನಿಂತಿತ್ತು. ಮುಂದಿನ ಕೋಣೆಯ ಮುರಕಲ್ಲಿನ ಗೋಡೆಯ ಮೇಲೆ ಕೆಂಪು ಗೀಟು. ಹೊಲಿಗೆ ಮಿಶನ್ನು ಇನ್ನೂ ಒಳಗೇ ಇತ್ತು. ಕುಶಲಾ ಬೆರಳು ತೋರಿಸಿದ ಕಡೆ, ಯಂತ್ರಕ್ಕೂ ಗೋಡೆಗೂ ನಡುವೆ, ಚಟ್ಟ ಇಳಿಸಿದರು.

ಅಧಿಕಾರಿ ಓಡಿಬಂದ. "ಎಂತಮ್ಮ ಇದು? ನನಗೆ ಮೇಲಿನಿಂದ ಆರ್ಡರ್ ಉಂಟು."

"ಫೋಟೋ ಕೇಳಿದ್ದಿರಂತೆ. ಫೋಟೋ ಹೋಯಿತು. ತೆಗೆದವರನ್ನೇ ತಂದಿದ್ದೇನೆ. ಕೇಳಿ ಅವರನ್ನು."

ಆತ ಹೆಣವನ್ನು ನೋಡಿದ. ಗಡಿಯಾರ ನೋಡಿದ. ಪಡುವಣಕ್ಕೆ ವಾಲುತ್ತಿದ್ದ ಬಿಸಿಲನ್ನೂ ನೋಡಿದ. ಸಿಟ್ಟು ಮಾಡಲಿಲ್ಲ.

"ಆಫ್ ಮಾಡು," ಎಂದ ಡ್ರೈವರಿಗೆ, ಸಣ್ಣ ದನಿಯಲ್ಲಿ. "ಕತ್ತಲಾಗುವ ಮೊದಲು ಸುಡಬೇಕಲ್ಲ, ಅವರೇ ಎತ್ತುತ್ತಾರೆ. ಕಾಯುವ."

ಡ್ರೈವರು ಇಳಿದು, ಮೇಲೆತ್ತಿದ ಕಬ್ಬಿಣದ ಬಕೆಟ್ಟಿನ ನೆರಳಲ್ಲಿ ಕುಳಿತು ಬುತ್ತಿ ಬಿಚ್ಚಿದ. ಕಾನ್ಸೆಪ್ಟಾ ಬಾಯಿ ಒಳಗಿನಿಂದ ಕೊಡೆ ತಂದು ವಿಠಲನ ಮುಖಕ್ಕೆ ಹಿಡಿದಳು. ಬಿಸಿಲು ಸರಿದಂತೆ ಕೊಡೆಯ ನೆರಳು ಮುಖ ಬಿಟ್ಟು ಜಾರುತ್ತಿತ್ತು. ಅವಳು ಒಂದೊಂದೇ ಹೆಜ್ಜೆ ಹಿಂದೆ ಸರಿದು ಹಿಡಿಯುತ್ತಿದ್ದಳು. ನಾಲ್ಕೂವರೆಯ ಹೊತ್ತಿಗೆ ಅವಳ ಬೆನ್ನು ಗೋಡೆಗೆ ತಾಗಿತು.